ಮುಟ್ಟಿ ನೋಡಿ, ಆಮೇಲೆ ಬರೀರಿ



ಪೋಸ್ಟ್ ಉದ್ದ ಇದೆ. ಹೆಂಗಸರ ವಿಷಯ ಅಂತ ಗಂಡಸರು ದಾಟ್ಕೊಂಡು ಹೋಗ್ಬೇಡಿ. ಆಸ್ಪತ್ರೆಗೆ ಹೋಗೋಕೆ ಮನೇಲಿ ದುಡ್ಡು ಕೊಡೋದು, ಕೊಡದೆ ಇರೋದು ಇನ್ನೂ ನಿಮ್ಮ ಕೈಲೇ ಇದೆ.

ಹೋದ ವಾರ ನಮ್ಮ ತಾಲ್ಲೂಕಿನ ಒಂದು ವಾಟ್ಸಾಪ್ ಗುಂಪಲ್ಲಿ ಎರಡೇ ಸಾಲು ಹಾಕಿದ್ದೆ. ಮೊಲೇಲಿ ಗಂಟು ಸಿಕ್ರೆ ಸಾಯ್ತೀನಿ ಅಂತ ಹೆದರಬೇಡಿ, ಹಂಗಂತ ತೋರಿಸದೆ ಕೂರಬೇಡಿ ಅಂತ. ಅರ್ಧ ಗಂಟೆಗೆ ಸಂಘಟನೆಯ ಹಿರಿಯಣ್ಣ ಒಬ್ರು ಫೋನ್ ಮಾಡಿದ್ರು. "ವಿಷಯ ಒಳ್ಳೇದೇ ಕಣವ್ವ, ಆದ್ರೆ ಪದ ಸ್ವಲ್ಪ ನೋಡ್ಕೊಂಡು ಹಾಕು. ಸ್ತನ ಅಂತ ಬರಿ, ಮರ್ಯಾದೆಯಾಗಿರುತ್ತೆ" ಅಂದ್ರು.

ಅಣ್ಣನ ಮೇಲೆ ಗೌರವ ಇಟ್ಕೊಂಡೇ ಕೇಳ್ತೀನಿ. ಮರ್ಯಾದೆ ಯಾವ ಪದದಲ್ಲಿರುತ್ತೆ ಅಂತ ನಮಗೆ ಕಲಿಸಿದೋರು ಯಾರು? ನಮ್ಮವ್ವಂದಿರು ನಮಗೆ ಕುಡಿಸಿದ್ದು ಮೊಲೆಹಾಲು. ಆಸ್ಪತ್ರೆ ಗೋಡೆ ಮೇಲಿನ ಪೋಸ್ಟರಲ್ಲಿ ಮಾತ್ರ ಅದು ಸ್ತನ ಆಗುತ್ತೆ. ಆ ಪೋಸ್ಟರ್ ಮುಂದೆ ಕೂತ್ಕೊಂಡು ಚೀಟಿಗೆ ಕಾಯೋ ನಮ್ಮ ಕಾಲೋನಿ ದೊಡ್ಡವ್ವಂಗೆ ಅದು ತನ್ನ ಮೈ ಬಗ್ಗೆ ಬರೆದಿರೋದು ಅಂತ ಅನ್ಸೋದೇ ಇಲ್ಲ. ಅದರ ಕೆಳಗೆ "ಸೌಮ್ಯ ಗಡ್ಡೆ", "ನಿರಪಾಯಕಾರಿ ಬದಲಾವಣೆ" ಅಂತ ಇನ್ನೊಂದಿಷ್ಟು. ಗಡ್ಡೆ ಅನ್ನೋದು ಕಿವಿಗೆ ಬಿದ್ರೆ ಸಾಕು, ಅದರ ಹಿಂದಿದ್ದ ಸೌಮ್ಯ ಅಳಿಸಿಹೋಗುತ್ತೆ. ಸಾದಾ ಗಂಟು ಅಂದ್ರೆ ನಮ್ಮ ಕಡೆ ಎಲ್ರಿಗೂ ಅರ್ಥ ಆಗುತ್ತೆ. ನಾನು ಹಂಗೇ ಬರೀತೀನಿ.

ಮೊದಲು ಹೇಳಬೇಕಾದ್ದು ಇದು. ಎದೇಲಿ ಸಿಗೋ ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಗಂಟು ಅಂತ ಹತ್ತು ಜನ ತೋರಿಸೋಕೆ ಹೋದ್ರೆ ಎಂಟೊಂಬತ್ತು ಜನಕ್ಕೆ ಬರೋ ಉತ್ತರ ಸಾದಾ ಗಂಟು ಅಂತಲೇ. ವಯಸ್ಸು ಚಿಕ್ಕದಿದ್ದಷ್ಟೂ ಕ್ಯಾನ್ಸರ್ ಸಾಧ್ಯತೆ ಇನ್ನೂ ಕಮ್ಮಿ. ಈ ಮಾತನ್ನ ಯಾರೂ ಜೋರಾಗಿ ಹೇಳಲ್ಲ. ಅಕ್ಟೋಬರ್ ತಿಂಗಳು ಬಂದ್ರೆ ಪಿಂಕ್ ರಿಬ್ಬನ್, ಪಿಂಕ್ ಟೀ ಶರ್ಟು, ಬೆಂಗಳೂರಲ್ಲಿ ಓಟ. ಎಲ್ಲಾ ಕಡೆ ಕ್ಯಾನ್ಸರ್ ಕ್ಯಾನ್ಸರ್ ಕ್ಯಾನ್ಸರ್. ಕೇಳಿಸ್ಕೊಂಡ ಹೆಂಗಸು ಹೆದರಿ ಬಾಯಿ ಮುಚ್ಕೋತಾಳೆ. ಸಾದಾ ಗಂಟಿರೋಳು ವರ್ಷಗಟ್ಟಲೆ ಒಳಗೊಳಗೇ ಸೊರಗ್ತಾಳೆ. ನಿಜವಾದ ಕ್ಯಾನ್ಸರ್ ಇರೋ ಆ ಒಬ್ಬಳೂ ಇವರ ಜೊತೇನೇ ಬಚ್ಚಿಟ್ಕೊಂಡು, ಕೈ ಮೀರಿದ ಮೇಲೆ ಕಿದ್ವಾಯಿ ಬಾಗಿಲಿಗೆ ಬರ್ತಾಳೆ. ನಮ್ಮ ದೇಶದಲ್ಲಿ ಈ ಕ್ಯಾನ್ಸರು ಅರ್ಧಕ್ಕಿಂತ ಹೆಚ್ಚು ಹೆಂಗಸರಲ್ಲಿ ಗೊತ್ತಾಗೋದೇ ಮುಂದುವರಿದ ಹಂತದಲ್ಲಿ.

ಕೆಂಗಲ್ ಆಂಜನೇಯನ ಗುಡಿ ಹತ್ರ ಹೆದ್ದಾರೀಲಿ ಬೆಳಗಿನ ಜಾವ ನಿಂತು ನೋಡಿ. ಬಿಡದಿ ಕಡೆಗೆ, ಮೈಸೂರು ರಸ್ತೆ ಗಾರ್ಮೆಂಟ್ಸ್ ಕಡೆಗೆ ಹೋಗೋ ವ್ಯಾನಲ್ಲಿ ಕುರಿ ತುಂಬಿದಂಗೆ ಹೆಂಗಸರು. ಈ ಕಡೆ ರಾಮನಗರದ ರೀಲಿಂಗ್ ಘಟಕಗಳಿಗೆ ಹೋಗೋರು, ದಿನಪೂರ್ತಿ ಬಿಸಿನೀರಲ್ಲಿ ಕೈ ಇಟ್ಕೊಂಡು ಗೂಡಿನ ಎಳೆ ಹುಡುಕೋರು. ಆ ಕಡೆ ಚನ್ನಪಟ್ಟಣದ ಬೊಂಬೆ ಕೆಲಸದೋರು. ತೋಟದ ಕೂಲಿಯೋರು. ಇವರಲ್ಲಿ ದಲಿತರು, ಮುಸ್ಲಿಮರು ಎಷ್ಟು ಅಂತ ನಾನು ಹೇಳಬೇಕಾಗಿಲ್ಲ. ಇವರಿಗೆ ಮೈ ಅಂದ್ರೆ ದುಡಿಯೋ ಸಾಮಾನು. ಅದು ಕೆಟ್ಟು ನಿಂತಾಗ ಮಾತ್ರ ಅದರ ಕಡೆ ನೋಡ್ತಾರೆ.

ಮುಟ್ಟೋ ವಿಷಯಕ್ಕೆ ಬರ್ತೀನಿ. ಎದೆ ಪರೀಕ್ಷೆಗೆ ಮೊದಲು ಬೇಕಾಗಿರೋದು ಕೈ. ಬೆರಳಿನ ತುದಿಯ ಮೆತ್ತನೆ ಭಾಗದಲ್ಲಿ ಸುತ್ತಲೂ ಒತ್ತಿ ನೋಡಬೇಕು, ಕಂಕುಳಲ್ಲಿ ನೋಡಬೇಕು, ಕೂರಿಸಿ ನೋಡಬೇಕು, ಮಲಗಿಸಿ ನೋಡಬೇಕು. ಐದು ಹತ್ತು ನಿಮಿಷದ ಕೆಲಸ. ನಮ್ಮನ್ನ ಮುಟ್ಟಿಸಿಕೊಳ್ಳದೋರು ಅಂತ ನಿಲ್ಲಿಸಿದ ದೇಶದಲ್ಲಿ ಈ ಪರೀಕ್ಷೆ ನಮಗೆ ಎಷ್ಟು ಸಿಗುತ್ತೆ? ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆ ತೆಗೆದುಹಾಕ್ತು ಸರಿ. ಡಾಕ್ಟರ ಮೇಜಿನ ಆ ಕಡೆ ಈ ಕಡೆ ಅದು ಪೂರ್ತಿ ಹೋಗಿದ್ಯಾ?

ನನಗೆ 23 ವರ್ಷ ಇದ್ದಾಗ ಎಡಗಡೆ ಗಂಟು ಸಿಕ್ತು. ಆಸ್ಪತ್ರೆ ಹೆಸರು ಬೇಡ. ಡಾಕ್ಟರು ಮೇಜಿನ ಆಚೆ ಕೂತಲ್ಲೇ "ಯಾವೂರು? ಕಾಲೋನಿಯವರಾ?" ಅಂದ್ರು. ಹೂಂ ಅಂದೆ. "ಮದುವೆ ಆದ್ರೆ ಸರಿಹೋಗುತ್ತೆ" ಅಂತ ಹೇಳಿ ವಿಟಮಿನ್ ಮಾತ್ರೆ ಬರೆದ್ರು. ನನ್ನ ಕೈ ನಾಡಿ ಸಮೇತ ಮುಟ್ಟಲಿಲ್ಲ. ಜಾತಿಗೋ, ಹೆಣ್ಣು ಅನ್ನೋ ಮುಜುಗರಕ್ಕೋ, ಹೊರಗಿದ್ದ ಉದ್ದ ಸಾಲಿಗೋ ಅಂತ ನಾನು ಇವತ್ತಿಗೂ ಬಿಡಿಸಿ ಹೇಳಲಾರೆ. ನಮ್ಮ ವಿಷಯದಲ್ಲಿ ಇವು ಮೂರೂ ಒಂದೇ ಹಗ್ಗದ ಎಳೆಗಳು. ನಾಲ್ಕು ತಿಂಗಳಾದ ಮೇಲೆ ಬೆಂಗಳೂರಲ್ಲಿ ಒಬ್ರು ಲೇಡಿ ಸರ್ಜನ್ ಪರದೆ ಎಳೆದು, ಕೈ ಉಜ್ಜಿ ಬೆಚ್ಚಗೆ ಮಾಡ್ಕೊಂಡು, "ನೋವಾದ್ರೆ ಹೇಳಮ್ಮ" ಅಂತ ಪರೀಕ್ಷೆ ಮಾಡಿದ್ರು. ಸ್ಕ್ಯಾನ್ ಆಯ್ತು, ಸೂಜಿ ಪರೀಕ್ಷೆ ಆಯ್ತು. ಫೈಬ್ರೊಅಡಿನೋಮಾ. ತೆಗೆಯೋದು ಬೇಡ, ಆರು ತಿಂಗಳಿಗೆ ಬಾ ಅಂದ್ರು. ಇವತ್ತಿಗೂ ಅದು ಅಲ್ಲೇ ಇದೆ, ಮೊದಲಿಗಿಂತ ಸಣ್ಣಗಾಗಿದೆ.

ಈ ಫೈಬ್ರೊಅಡಿನೋಮಾ ಹದಿನೈದರಿಂದ ಮೂವತ್ತೈದು ವಯಸ್ಸಿನೋರಲ್ಲಿ ಜಾಸ್ತಿ. ನುಣ್ಣಗೆ, ರಬ್ಬರಿನಂಗೆ, ನಮ್ಮ ಚನ್ನಪಟ್ಟಣದ ಅರಗು ಬಳಿದ ಮಣಿ ಬಟ್ಟೆ ಕೆಳಗೆ ಸಿಕ್ಕಿದಂಗೆ ಇರುತ್ತೆ. ಹಿಡಿಯೋಕೆ ಹೋದ್ರೆ ಬೆರಳಿನ ಕೆಳಗಿಂದ ಜಾರಿ ಆಚೆ ಹೋಗುತ್ತೆ. ಇಂಗ್ಲಿಷ್ ಡಾಕ್ಟರುಗಳು ಇದನ್ನ ಎದೆಯ ಇಲಿ ಅಂತ ಕರೀತಾರಂತೆ. ಸಾಮಾನ್ಯವಾಗಿ ನೋವಿರಲ್ಲ. ಪರೀಕ್ಷೇಲಿ ಖಚಿತ ಆದ್ರೆ ಸುಮ್ನೆ ಬಿಟ್ಟು ಕಾಯ್ತಾ ಇರಬಹುದು, ಕೆಲವು ತಾವಾಗೇ ಕರಗ್ತವೆ. ದೊಡ್ಡದಿದ್ರೆ, ಅಂದ್ರೆ ಮೂರು ಸೆಂಟಿಮೀಟರ್ ದಾಟಿದ್ರೆ, ಬೇಗ ಬೇಗ ಬೆಳೀತಿದ್ರೆ ತೆಗೆಯೋಕೆ ಹೇಳ್ತಾರೆ.

ಮೂವತ್ತು ದಾಟಿದೋರಲ್ಲಿ ಹೆಚ್ಚಾಗಿ ಕಾಣೋದು ಬೇರೆ. ಮುಟ್ಟಿಗೆ ಒಂದು ವಾರ ಮುಂಚೆ ಎದೆ ಭಾರ, ಎರಡೂ ಕಡೆ ನೋವು, ಕೈ ಇಟ್ರೆ ರೇಷ್ಮೆಗೂಡು ತುಂಬಿದ ಚೀಲ ಒತ್ತಿದಂಗೆ ಗಂಟುಗಂಟು. ಮುಟ್ಟಾದ ಮೇಲೆ ಇಳಿಯುತ್ತೆ. ಇದು ಮೈಯಲ್ಲಿ ತಿಂಗಳು ತಿಂಗಳು ಹಾರ್ಮೋನು ಏರಿ ಇಳಿಯೋದರ ಆಟ, ರೋಗ ಅಂತ ಕರೆಯೋದೂ ತಪ್ಪು. ಸರಿಯಾದ ಅಳತೆಯ ಬಾಡಿ ಹಾಕ್ಕೊಳ್ಳೋದು, ತೀರಾ ನೋವಿದ್ರೆ ಪ್ಯಾರಾಸಿಟಮಾಲ್ ಅಥವಾ ನೋವಿನ ಮುಲಾಮು, ಬಹಳ ಜನಕ್ಕೆ ಇಷ್ಟೇ ಸಾಕು. ಅದಕ್ಕೂ ಬಗ್ಗದಿದ್ರೆ ಮಾತ್ರೆ ಇವೆ. ಅದರಲ್ಲೊಂದು ನಮ್ಮ ದೇಶದ್ದೇ, ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಕಂಡುಹಿಡಿದದ್ದು. ಸರ್ಕಾರಿ ಆಸ್ಪತ್ರೇಲಿ ಗರ್ಭನಿರೋಧಕವಾಗಿ "ಛಾಯಾ" ಅಂತ ಪುಕ್ಕಟೆ ಕೊಡೋ ಅದೇ ಔಷಧಿ. ಎದೆನೋವಿಗೂ ಡಾಕ್ಟರುಗಳು ಬರೀತಾರೆ. ನೀವಾಗೇ ತಗೊಂಡು ನುಂಗಬೇಡಿ, ಅವರ ಹತ್ರ ಕೇಳಿ ಅಂತ ಹೇಳ್ತಿದ್ದೀನಿ ಅಷ್ಟೇ. ನೀರುಗುಳ್ಳೆಗಳೂ ಈ ವಯಸ್ಸಲ್ಲೇ ಬರ್ತವೆ. ಸ್ಕ್ಯಾನಲ್ಲಿ ಬರೀ ನೀರು ಅಂತ ಗೊತ್ತಾದ್ರೆ, ನೋವಿದ್ರೆ ಸೂಜಿ ಹಾಕಿ ಎಳೀತಾರೆ, ಗಂಟು ಅಲ್ಲೇ ಮಾಯ. ಸೂಜಿ ಚುಚ್ಚಿದ್ರೆ ಸಾದಾ ಗಂಟು ಕ್ಯಾನ್ಸರ್ ಆಗುತ್ತೆ ಅನ್ನೋ ಮಾತು ನಮ್ಮ ಕಡೆ ಮನೆಮನೇಲೂ ಇದೆ. ಅದು ಸುಳ್ಳು. ಈ ಸುಳ್ಳಿನಿಂದ ಪರೀಕ್ಷೆ ಅರ್ಧಕ್ಕೇ ಬಿಟ್ಟು ಓಡಿಬಂದೋರನ್ನ ನಾನೇ ನೋಡಿದ್ದೀನಿ.

ಇನ್ನು ಬಾಣಂತಿಯರ ಎದೆಬಾವು. ಇಲ್ಲಿ ನನಗೆ ಸಿಟ್ಟು ಬರುತ್ತೆ, ಯಾಕಂದ್ರೆ ಇದರಲ್ಲಿ ಅರ್ಧ ಕಾಯಿಲೆ ಮೈಯದ್ದು, ಅರ್ಧ ಕೂಲಿಯದ್ದು. ಹಾಲು ಹೊರಗೆ ಹೋಗದೆ ಕಟ್ಟಿಕೊಂಡ್ರೆ ಎದೆ ಕಲ್ಲಾಗುತ್ತೆ, ತೊಟ್ಟಿನ ಬಿರುಕಲ್ಲಿ ಕ್ರಿಮಿ ಹೋಗುತ್ತೆ, ಕೆಂಪಾಗಿ ಚಳಿಜ್ವರ ಬರುತ್ತೆ, ಬಿಟ್ರೆ ಕೀವು. ಹಾಲು ಯಾಕೆ ಕಟ್ಟುತ್ತೆ? ಮಗು ಮನೇಲಿ, ತಾಯಿ ಕೆಲಸದಲ್ಲಿ. ಮೂರು ತಿಂಗಳು ತುಂಬೋಕೂ ಮುಂಚೆ ರೀಲಿಂಗಿಗೆ, ಕಳೆ ಕೀಳೋಕೆ ಹೋಗೋ ಬಾಣಂತಿಯರು ನಮ್ಮ ಕಾಲೋನೀಲಿ ಇದ್ದಾರೆ. ಸೀರೆ ಸೆರಗಿನ ಕೆಳಗೆ ರವಿಕೆ ನೆನೀತಾ ಇರುತ್ತೆ, ಕೈ ಬಿಸಿನೀರಲ್ಲಿರುತ್ತೆ. ಕಾನೂನಿನ ಪ್ರಕಾರ 26 ವಾರ ಸಂಬಳದ ಹೆರಿಗೆ ರಜೆ, ಮಗುವಿಗೆ 15 ತಿಂಗಳಾಗೋವರೆಗೂ ದಿನಕ್ಕೆ ಎರಡು ಸಲ ಹಾಲೂಡಿಸೋ ಬಿಡುವು, 50 ಜನ ಇರೋ ಕಡೆ ಕೂಸಿನ ಮನೆ. ಓದೋಕೆ ಚೆಂದ. ದಿನಗೂಲಿಯವಳಿಗೆ ಇದರಲ್ಲಿ ಒಂದು ದಿನವೂ ಇಲ್ಲ.

ಬಾಬಾಸಾಹೇಬರು 1928ರಲ್ಲೇ ಬಾಂಬೆ ಶಾಸನಸಭೆಯಲ್ಲಿ ಹೆರಿಗೆ ಸೌಲಭ್ಯದ ಮಸೂದೆ ಪರವಾಗಿ ಎದ್ದು ನಿಂತು ಮಾತಾಡಿದ್ರು. ಹೆರಿಗೆ ಹೊತ್ತಲ್ಲಿ ದುಡಿಯೋ ತಾಯಿಗೆ ವಿಶ್ರಾಂತಿ ಸಿಗೋದು ದೇಶದ ಹಿತ, ಅದರ ಖರ್ಚಲ್ಲಿ ಮಾಲೀಕರೂ ಪಾಲು ಕೊಡಬೇಕು ಅನ್ನೋದು ಅವರ ವಾದ. ಸುಮಾರು ನೂರು ವರ್ಷ ಆಗ್ತಾ ಬಂತು. ಏಪ್ರಿಲ್ 14ಕ್ಕೆ ಡಿಜೆ ಹಾಕಿ ಕುಣಿಯೋ ನಮ್ಮ ಹುಡುಗರು ಈ ಭಾಷಣ ಒಂದನ್ನ ಕಾಲೋನೀಲಿ ಓದಿ ಹೇಳಿದ್ರೆ ನಾನೂ ಬಂದು ಕುಣೀತೀನಿ.

ಎದೆಬಾವು ಬಂದ್ರೆ ನಮ್ಮಲ್ಲಿ ಏನು ಮಾಡ್ತಾರೆ? ದೃಷ್ಟಿ ತೆಗೀತಾರೆ. ಅರಿಶಿನ ಸುಣ್ಣದ ಪಟ್ಟು ಹಾಕ್ತಾರೆ. ಮಲ್ಲಿಗೆ ಹೂ ಕಟ್ತಾರೆ. ಎಲ್ಲವನ್ನೂ ಮೂಢನಂಬಿಕೆ ಅಂತ ತಳ್ಳಿಹಾಕೋಳಲ್ಲ ನಾನು. ಮಲ್ಲಿಗೆ ಕಟ್ಟಿದ್ರೆ ಹಾಲು ಇಂಗುತ್ತೆ ಅನ್ನೋದನ್ನ ವೆಲ್ಲೂರಿನ ಡಾಕ್ಟರುಗಳು 1980ರ ದಶಕದಲ್ಲಿ ಮಾತ್ರೆ ಜೊತೆ ಹೋಲಿಸಿ ನೋಡಿ ಹೌದು ಅಂದಿದ್ದಾರೆ. ನಮ್ಮಜ್ಜಿಯರಿಗೆ ಗೊತ್ತಿತ್ತು. ಆದ್ರೆ ಅದು ಹಾಲು ನಿಲ್ಲಿಸೋಕೆ. ಬಾವು ಬಂದಾಗ ಬೇಕಾಗಿರೋದು ಹಾಲು ಹೊರಗೆ ಹೋಗೋದು. ಮಗು ಆ ಕಡೇನೂ ಕುಡೀಬಹುದು, ಕುಡಿದ್ರೆ ಮಗುವಿಗೆ ಏನೂ ಆಗಲ್ಲ, ತಾಯಿಗೆ ವಾಸಿ ಆಗೋದು ಬೇಗ. ಒಂದೆರಡು ದಿನದಲ್ಲಿ ಇಳಿಯದಿದ್ರೆ, ಜ್ವರ ಇದ್ರೆ ಡಾಕ್ಟರ ಹತ್ರ ಹೋಗಿ, ಹಾಲುಣಿಸೋರಿಗೂ ಕೊಡಬಹುದಾದ ಆಂಟಿಬಯೋಟಿಕ್ ಇವೆ. ಕೀವಾಗಿದ್ರೂ ಎಷ್ಟೋ ಸಲ ಸೂಜೀಲೇ ತೆಗೀಬಹುದು. ಬರೆ ಮಾತ್ರ ಹಾಕಿಸಬೇಡಿ. ಔಷಧಿ ಮುಗಿದ ಮೇಲೂ ಗಂಟು ಉಳಿದ್ರೆ, ಕೀವು ಸೋರ್ತಾನೇ ಇದ್ರೆ ಮತ್ತೆ ಹೋಗಬೇಕು. ನಮ್ಮ ದೇಶದಲ್ಲಿ ಅಪರೂಪಕ್ಕೆ ಎದೆಗೆ ಕ್ಷಯವೂ ತಗಲುತ್ತೆ, ಇನ್ನೂ ಅಪರೂಪಕ್ಕೆ ಕ್ಯಾನ್ಸರೇ ಬಾವಿನ ವೇಷದಲ್ಲಿ ಬರುತ್ತೆ.

ಯಾವಾಗ ಒಂದು ದಿನವೂ ತಡ ಮಾಡಬಾರದು ಅಂತ ಕೇಳ್ತೀರಿ. ಕಲ್ಲಿನಂಗೆ ಗಟ್ಟಿ, ಅಲ್ಲಾಡದ ಗಂಟು. ಇಷ್ಟು ದಿನ ಸರಿಯಿದ್ದ ತೊಟ್ಟು ಒಳಗೆ ಎಳೆದುಕೊಂಡಿರೋದು. ಕಿತ್ತಳೆ ಸಿಪ್ಪೆಯಂತೆ ಗುಳಿಗುಳಿಯಾದ ಚರ್ಮ. ಹಿಂಡದೇನೇ ಒಂದೇ ಕಡೆಯಿಂದ ರಕ್ತದ ಬಣ್ಣದ ನೀರು. ಕಂಕುಳಲ್ಲಿ ಗಂಟು. ಇನ್ನು, ನಲವತ್ತರ ಆಸುಪಾಸಲ್ಲಿ ಹೊಸದಾಗಿ ಬಂದ ಯಾವ ಗಂಟೇ ಆಗಲಿ, ನೋವಿರಲಿ ಇಲ್ಲದಿರಲಿ. ಬೇರೆ ದೇಶದೋರಿಗಿಂತ ನಮ್ಮಲ್ಲಿ ಈ ಕ್ಯಾನ್ಸರು ಸುಮಾರು ಹತ್ತು ವರ್ಷ ಮುಂಚೆಯೇ ಬರುತ್ತೆ. ಇವುಗಳಲ್ಲೂ ಕೆಲವು ಸಾದಾ ಅಂತಲೇ ಗೊತ್ತಾಗಬಹುದು, ಆದರೆ ಗೊತ್ತು ಮಾಡ್ಕೊಳ್ಳೋದು ಪರೀಕ್ಷೆಯಿಂದ, ಪಕ್ಕದ ಮನೆಯೋರ ಮಾತಿಂದಲ್ಲ. ಮನೇಲಿ ನೋಡ್ಕೊಳ್ಳೋರು ಮುಟ್ಟು ನಿಂತ ಎರಡು ಮೂರು ದಿನಕ್ಕೆ ನೋಡ್ಕೊಳ್ಳಿ, ಆಗ ಎದೆ ಮೆತ್ತಗಿರುತ್ತೆ.

ದುಡ್ಡಿನ ವಿಷಯ ಇದಕ್ಕಿಂತ ಕಷ್ಟ. ಹೆದರಿಕೆ ಇದ್ದಲ್ಲಿ ವ್ಯಾಪಾರ ಇರುತ್ತೆ. ಕಲಬುರಗಿ ಕಡೆ ತಾಂಡಾಗಳಲ್ಲಿ ಲಂಬಾಣಿ, ದಲಿತ ಹೆಣ್ಣುಮಕ್ಕಳಿಗೆ ಕ್ಯಾನ್ಸರ್ ಆಗುತ್ತೆ ಅಂತ ಹೆದರಿಸಿ ಗರ್ಭಕೋಶ ತೆಗೆಸಿದ ಹಗರಣ ನಿಮಗೆ ನೆನಪಿರಬೇಕು. 2015ರಲ್ಲಿ ದೊಡ್ಡ ಗದ್ದಲವೇ ಆಯ್ತು. ಎದೆಯ ಗಂಟಿಗೂ ಅದೇ ದಾರಿ ತೆರೆದೇ ಇದೆ. ಇಪ್ಪತ್ತು ವರ್ಷದ ಹುಡುಗಿಗೆ ಸೂಜಿ ಪರೀಕ್ಷೆ ಕೂಡ ಮಾಡಿಸದೆ ನಾಳೆನೇ ಆಪರೇಷನ್ ಅಂದ್ರೆ, ಅವ್ವ ಸಂಘದ ಸಾಲ ಎತ್ತೋಕೆ ಓಡೋ ಮುಂಚೆ ಕೇಳಬೇಕಾದ್ದು ಇಷ್ಟು: ಕೈಯಲ್ಲಿ ನೋಡಿದ್ರಾ, ಸ್ಕ್ಯಾನ್ ಆಯ್ತಾ, ಸೂಜಿ ಪರೀಕ್ಷೆ ರಿಪೋರ್ಟ್ ಎಲ್ಲಿ? ಮೂರೂ ಸೇರಿ ಒಂದೇ ಮಾತು ಹೇಳಬೇಕು. ಮೂವತ್ತೈದರ ಒಳಗಿನೋರಿಗೆ ಸಾಮಾನ್ಯವಾಗಿ ಅಲ್ಟ್ರಾಸೌಂಡ್, ನಲವತ್ತು ದಾಟಿದ ಮೇಲೆ ಮ್ಯಾಮೋಗ್ರಾಂ ಕೂಡ. ರಿಪೋರ್ಟಲ್ಲಿ ಬೈ-ರಾಡ್ಸ್ 2 ಅಂತಿದ್ರೆ ಸಾದಾ. 3 ಅಂತಿದ್ರೆ ಹೆಚ್ಚೂಕಮ್ಮಿ ಸಾದಾನೇ, ನೂರಕ್ಕೆ ಎರಡಕ್ಕಿಂತ ಕಮ್ಮಿ ಅನುಮಾನ, ಆರು ತಿಂಗಳಿಗೆ ಮತ್ತೆ ಸ್ಕ್ಯಾನ್. 4, 5 ಅಂದ್ರೆ ಚೂರು ತೆಗೆದು ಪರೀಕ್ಷೆ ಮಾಡಲೇಬೇಕು. ಈ ನಂಬರ್ ಓದೋದನ್ನ ಓದಿದ ನಮ್ಮ ಮಕ್ಕಳು ಕಲೀಲಿ.

ಗಾರ್ಮೆಂಟ್ಸಲ್ಲಿ ಇರೋರು ಇಎಸ್‌ಐ ಕಾರ್ಡ್ ಬಳಸಿ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರೋರಿಗೆ ಅದು ಹಕ್ಕು, ನಿಮ್ಮ ಸಂಬಳದಿಂದಲೇ ನೂರಕ್ಕೆ ಮುಕ್ಕಾಲು ರೂಪಾಯಿ ಹಿಡೀತಾರೆ. ಬಿಪಿಎಲ್ ಕಾರ್ಡಿನೋರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಇದಕ್ಕೆ ಮೊದಲು ಸರ್ಕಾರಿ ಆಸ್ಪತ್ರೇಲಿ ತೋರಿಸಿ, ರೆಫರಲ್ ಚೀಟಿ ಬರೆಸ್ಕೊಳ್ಳಿ. ಬೆಂಗಳೂರಿಗೆ ಹೋಗೋಕೆ ಶಕ್ತಿ ಬಸ್ ಇದೆ, ಟಿಕೆಟ್ ಕಾಸಿಲ್ಲ. ಗ್ಯಾರಂಟಿಗಳನ್ನ ಆಡ್ಕೊಳ್ಳೋರು ಈ ಒಂದು ಕಾರಣಕ್ಕಾದ್ರೂ ಸುಮ್ನಿರಬೇಕು ಅಂತ ನನ್ನ ಅಭಿಪ್ರಾಯ. ಆದ್ರೆ ಬಸ್ ಪುಕ್ಕಟೆ ಆದ್ರೂ ಆ ದಿನದ ಕೂಲಿ ಹೋಗುತ್ತೆ. ಪರೀಕ್ಷೆಗೊಂದು ದಿನ, ಸ್ಕ್ಯಾನಿಗೊಂದು ದಿನ, ಸೂಜಿಗೊಂದು ದಿನ, ರಿಪೋರ್ಟಿಗೊಂದು ದಿನ. ನಾಲ್ಕು ಕೂಲಿ ಕಳ್ಕೊಂಡು "ಏನಿಲ್ಲ, ಸಾದಾ" ಅನ್ನಿಸ್ಕೊಂಡು ಬಂದೋಳಿಗೆ ಮನೇಲಿ ಬೈಗುಳ ಕಾದಿರುತ್ತೆ, ಏನೂ ಇಲ್ದೇ ಇರೋದಕ್ಕೆ ಇಷ್ಟು ಓಡಾಡಿದ್ಯಾ ಅಂತ. ಮುಂದಿನ ಸಲ ಅವಳು ಹೋಗಲ್ಲ.

ಅದಕ್ಕೇ ನಾವು ಕೇಳಬೇಕಾಗಿರೋದು ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಿಂತ ಮುಂಚೆ ಸಣ್ಣದೊಂದು. ತಾಲ್ಲೂಕು ಆಸ್ಪತ್ರೇಲಿ ವಾರಕ್ಕೆ ಒಂದೇ ದಿನ, ಮಹಿಳಾ ಡಾಕ್ಟರು, ಅಲ್ಟ್ರಾಸೌಂಡು, ಸೂಜಿ ಪರೀಕ್ಷೆ ಮೂರೂ ಒಂದೇ ಹೊತ್ತಿಗೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ಕಡೆ. ಜಿಲ್ಲೆ ಹೆಸರು ಬೆಂಗಳೂರು ದಕ್ಷಿಣ ಅಂತ ಬದಲಾಯ್ತು. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ ರಾಮನಗರಕ್ಕೆ ಬರುತ್ತೆ ಅಂತ ಕೇಳ್ತಾ ಕೇಳ್ತಾ ಒಂದು ತಲೆಮಾರು ಮುಗೀತು. ವಾರಕ್ಕೊಂದು ದಿನ ಕೇಳೋದು ಅತಿಯಾಸೆ ಅಲ್ಲ. ದುಡ್ಡಿಲ್ಲ ಅಂತ ಹೇಳಬೇಡಿ. 2013ರ ಎಸ್‌ಸಿಎಸ್‌ಪಿ ಟಿಎಸ್‌ಪಿ ಕಾಯ್ದೆ ಪ್ರಕಾರ ಅಭಿವೃದ್ಧಿ ಬಜೆಟ್ಟಲ್ಲಿ ನೂರಕ್ಕೆ 24.1 ಪಾಲು ನಮ್ಮದು. 2023-24ರಲ್ಲಿ ಅದರಲ್ಲಿ 11,000 ಕೋಟಿಗೂ ಮೇಲೆ ಗ್ಯಾರಂಟಿಗೆ ತಿರುಗಿಸಿದ್ರಿ. ಒಂದು ಸ್ಕ್ಯಾನಿಂಗ್ ಯಂತ್ರ ಎಷ್ಟು ಕೋಟಿ?

ಮನೆಬಾಗಿಲಿಗೆ ಬರೋ ಕೈ ಅಂದ್ರೆ ಆಶಾ ಅಕ್ಕಂದಿರದ್ದು. ಅವರ ಫಾರಂನಲ್ಲಿ ಈ ಪ್ರಶ್ನೆ ಈಗಾಗಲೇ ಇದೆ: ಎದೇಲಿ ಗಂಟಿದ್ಯಾ, ತೊಟ್ಟಿಂದ ರಕ್ತ ಬರುತ್ತಾ, ಆಕಾರ ಬದಲಾಗಿದ್ಯಾ. ಆದರೆ ಅದು ಮೂವತ್ತು ದಾಟಿದೋರಿಗೆ. ಫೈಬ್ರೊಅಡಿನೋಮಾ ಬರೋ ಕಾಲೇಜು ಹುಡುಗೀರು, ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲಲ್ಲಿ ರಾತ್ರಿ ದಿಂಬಿಗೆ ಮುಖ ಒತ್ತಿ ಅಳೋ ನಮ್ಮ ಮಕ್ಕಳು ಆ ಫಾರಂ ಹೊರಗೇ ಉಳೀತಾರೆ. ಹಾಸ್ಟೆಲ್ ವಾರ್ಡನ್‌ಗಳಿಗೆ ಈ ಪೋಸ್ಟ್ ಕಳಿಸಿ.

ಹಳ್ಳಿ ಕಾರ್ಯಕರ್ತೆಯರಿಗೆ ಇದೆಲ್ಲ ಎಲ್ಲಿ ತಿಳಿಯುತ್ತೆ ಅನ್ನೋರಿಗೆ ಮುಂಬೈ ನೋಡಿ ಅಂತೀನಿ. ಟಾಟಾ ಆಸ್ಪತ್ರೆಯೋರು ಅಲ್ಲಿನ ಕೊಳೆಗೇರಿಗಳಲ್ಲಿ ಒಂದೂವರೆ ಲಕ್ಷ ಹೆಂಗಸರನ್ನ ಇಟ್ಕೊಂಡು ಇಪ್ಪತ್ತು ವರ್ಷ ಅಧ್ಯಯನ ಮಾಡಿದ್ರು, 2021ರಲ್ಲಿ ಪ್ರಕಟ ಆಯ್ತು. ಅರ್ಧದಷ್ಟು ಜನಕ್ಕೆ ಎರಡು ವರ್ಷಕ್ಕೊಮ್ಮೆ ಬರೀ ಕೈಯಲ್ಲಿ ಪರೀಕ್ಷೆ. ಮಾಡಿದೋರು ಡಾಕ್ಟರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಐವತ್ತು ದಾಟಿದೋರಲ್ಲಿ ಈ ಕ್ಯಾನ್ಸರಿನ ಸಾವು ಸುಮಾರು 30 ಪರ್ಸೆಂಟ್ ಕಮ್ಮಿ ಆಯ್ತು. ಯಂತ್ರ ಇಲ್ದೆ, ಮುಟ್ಟಿ ನೋಡಿದ್ದರಿಂದ. 2025ರ ಜನವರಿ ಚಳೀಲಿ ಫ್ರೀಡಂ ಪಾರ್ಕಲ್ಲಿ ರಾತ್ರಿಯೆಲ್ಲಾ ಕೂತು ಗೌರವಧನಕ್ಕೆ ಕೂಗಿದ ಆಶಾಗಳಿಗೆ ತರಬೇತಿ ಕೊಡಿ, ತರಬೇತಿ ಜೊತೆ ದುಡ್ಡೂ ಕೊಡಿ. ಪುಕ್ಕಟೆ ಇನ್ನೊಂದು ಫಾರಂ ಹೇರಬೇಡಿ.

ಫೋನ್ ಮಾಡಿದ ಹಿರಿಯಣ್ಣನಿಗೆ ಇನ್ನೊಂದು ಮಾತು. ತಿರುವಾಂಕೂರಿನ ಚನ್ನಾರ್ ಹೆಂಗಸರು ಎದೆ ಮುಚ್ಕೊಳ್ಳೋ ಹಕ್ಕಿಗೆ ನಲವತ್ತು ವರ್ಷಕ್ಕಿಂತ ಹೆಚ್ಚು ಹೊಡೆದಾಡಿ 1859ರಲ್ಲಿ ಗೆದ್ದ ಕತೆಯನ್ನ ನಮ್ಮ ಶಿಬಿರಗಳಲ್ಲಿ ಹೇಳಿಕೊಟ್ಟವರು ನೀವೇ. ಪರದೆ ಹಿಂದೆ, ಗೌರವದ ಕೈಗೆ, ಹೆದರದೆ ತೋರಿಸೋ ಹಕ್ಕೂ ಆ ಪಾಠದಲ್ಲೇ ಬರಬೇಕು ಅಣ್ಣ. ಮುಂದಿನ ಶಿಬಿರದಲ್ಲಿ ನನಗೊಂದು ಗಂಟೆ ಕೊಡಿ. ಗಂಡಸರನ್ನ ಹೊರಗೆ ಕಳಿಸಲ್ಲ.

ಆಸ್ಪತ್ರೆಗೆ ಹೋಗೋ ಅಕ್ಕತಂಗೀರು ಆಧಾರ್, ರೇಷನ್ ಕಾರ್ಡ್, ಹಳೇ ಸ್ಕ್ಯಾನ್ ಇದ್ರೆ ಅದು, ಕಳೆದ ಸಲ ಮುಟ್ಟಾದ ತಾರೀಖು ಬರೆದ ಚೀಟಿ, ಇಷ್ಟು ತಗೊಂಡು ಹೋಗಿ. ಮುಂದೆ ಬಿಚ್ಚೋ ರವಿಕೆ ಹಾಕ್ಕೊಳ್ಳಿ. ಪರೀಕ್ಷೆ ಹೊತ್ತಲ್ಲಿ ಜೊತೆಗೆ ಒಬ್ಬ ಹೆಂಗಸು ಇರಲಿ ಅಂತ ಕೇಳಿ. ಕೂತಲ್ಲೇ ಚೀಟಿ ಬರೆಯೋಕೆ ಹೊರಟ್ರೆ, "ಮುಟ್ಟಿ ನೋಡಿ, ಆಮೇಲೆ ಬರೀರಿ ಡಾಕ್ಟ್ರೇ" ಅನ್ನಿ. ಅನ್ನೋಕೆ ಧೈರ್ಯ ಸಾಲದಿದ್ರೆ ನನಗೆ ಮೆಸೇಜ್ ಹಾಕಿ, ರಜಾ ಹಾಕ್ಕೊಂಡು ಜೊತೇಲಿ ಬರ್ತೀನಿ.